ತಂಬಿಗೆಯೊಳಗಿನ ರೇಡಿಯೋ

ನಮ್ಮ ಮನೆಯಲ್ಲೊಂದು ಹಿತ್ತಾಳೆ ತಂಬಿಗೆ ಇದೆ. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಆ ತಗ್ಗು ಹೇಗೆ ಬಿತ್ತು ಎಂದು ಕೇಳಿದರೆ ನಮ್ಮತ್ತೆ ಗಿರಿಜಮ್ಮನವರು ಒಂದು ಕಥೆ ಹೇಳುತ್ತಾರೆ, ಅವರ ಮಗ, ಅಂದರೆ ನಮ್ಮ ಮನೆಯವರು, ಇನ್ನೊಂದು ಹೇಳುತ್ತಾರೆ. ತಾಯಿಯ ಕಥೆಯಲ್ಲಿ ತಂಬಿಗೆ ಬೀಳಿಸಿದ್ದು ಮಗ, ಮಗನ ಕಥೆಯಲ್ಲಿ ತಾಯಿ. ನಾನು ಸೊಸೆಯಾಗಿ ಬರುವ ಹೊತ್ತಿಗಾಗಲೇ ಆ ತಗ್ಗು ಇತ್ತು ಎಂಬುದೊಂದೇ ನನಗಿರುವ ಸಮಾಧಾನ. ಊಟಕ್ಕೆ ಕೂತಾಗ ನೀರಿಗೆ ಇಡುತ್ತಿದ್ದ ಆ ತಂಬಿಗೆ ನೀರು ಕಂಡು ಈಗ ವರ್ಷವಾಗಿರಬಹುದು. ಅದರೊಳಗೀಗ ರೇಡಿಯೋ ಇರುತ್ತದೆ. ನೀವು ನಕ್ಕರೆ ಬೇಸರವಿಲ್ಲ, ಮೊದಲು ನಾನೂ ನಕ್ಕಿದ್ದೆ.

ರೇಡಿಯೋ ಬಂದ ದಿನ ಯಾವುದೆಂದು ನಾನು ನಿಖರವಾಗಿ ಹೇಳಬಲ್ಲೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಖಾನೆಗಳಲ್ಲಿ ದಿನಕ್ಕೊಂದು ಸಾಲು ಬರೆಯುವುದು ನನ್ನ ಅಭ್ಯಾಸ. 'ಹಾಲು ಒಡೆಯಿತು.' 'ಮಿಕ್ಸಿ ರಿಪೇರಿಗೆ.' 'ಕಾಯಿ ಅಟ್ಟಕ್ಕೆ ಏರಿತು.' 'ಮೊದಲ ಗುಡುಗು, ಮಳೆ ಇಲ್ಲ.' ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ. ಇಡೀ ತಾಲ್ಲೂಕಿನ ಚರಿತ್ರೆ ಇದರಲ್ಲಿದೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಆದರೆ ಗ್ಯಾಸ್ ಸಿಲಿಂಡರ್ ಯಾವತ್ತು ಬದಲಾಯಿಸಿದ್ದು ಎಂದು ತಿಳಿಯಬೇಕಾದರೆ ಅದೇ ಸುರುಳಿ ಬಿಚ್ಚುತ್ತಾರೆ. ಆ ದಿನದ ಖಾನೆಯಲ್ಲಿ 'ಚೈತ್ರ ಬಂದಳು. ರೇಡಿಯೋ' ಎಂದಿದೆ.

ಚೈತ್ರ ನನ್ನ ತಂಗಿಯ ಮಗಳು, ಗಂಡಸಿ ಊರಿನ ಶಾಲೆಯಲ್ಲಿ ಟೀಚರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸ್ಕೂಟರಿನಲ್ಲಿ ನಮ್ಮಲ್ಲಿಗೆ ಬಂದರೆ ಊಟ ಮಾಡಿ, ಒಂದು ನಿದ್ದೆ ಮಾಡಿ, ಸಂಜೆ ಹೋಗುತ್ತಾಳೆ. ಅವತ್ತು ನಿದ್ದೆ ಬರಲಿಲ್ಲವೆಂದು ನನ್ನ ಫೋನು ತೆಗೆದುಕೊಂಡು ಅದರಲ್ಲೊಂದು ರೇಡಿಯೋ ಹಾಕಿದಳು. ಇದು ಹಳೆಯ ರೇಡಿಯೋದಂತಲ್ಲವಂತೆ. ಇಂಟರ್ನೆಟ್ಟಿನಲ್ಲಿ ಬರುತ್ತದೆ, ಕೇಳುವವರ ರುಚಿ ನೋಡಿಕೊಂಡು ಹಾಡು ಬಡಿಸುತ್ತದೆ. ಮೊದಲಿಗೆ ನಮ್ಮ ಹೆಸರು ಕೇಳುತ್ತದೆ, ವಯಸ್ಸು ಕೇಳುತ್ತದೆ, ಆಮೇಲೆ ಇಷ್ಟವಾದ ಹಾಡುಗಳು ಯಾವುವು ಎನ್ನುತ್ತದೆ. ಹೆಣ್ಣು ನೋಡಲು ಬಂದವರ ಹಾಗೆ.

"ದೊಡ್ಡಮ್ಮ, ನಿಮಗೆ ಯಾವ ಥರದ ಹಾಡು ಇಷ್ಟ?"

"ಏನಾದ್ರೂ ಹಾಕೇ."

"ಏನಾದ್ರೂ ಅನ್ನೋದು ಇದ್ರಲ್ಲಿ ಇಲ್ಲ ದೊಡ್ಡಮ್ಮ. ಮೂರು ಆರಿಸ್ಲೇಬೇಕು."

ನಾನು ನಿಜವಾಗಿಯೂ ಯೋಚನೆಗೆ ಬಿದ್ದೆ. ಐವತ್ತು ದಾಟಿದೆ, ಸಾರಿಗೆ ಉಪ್ಪು ಎಷ್ಟಿರಬೇಕು ಎಂದು ಮನೆಮಂದಿಯನ್ನೆಲ್ಲ ಕೇಳಿದ್ದೇನೆ, ಯಾವ ಹಾಡು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ರೇಡಿಯೋ ಎಂದರೆ ಕೇಳಿ ಹಾಕಿಸಿಕೊಳ್ಳುವ ವಸ್ತುವೇ ಆಗಿರಲಿಲ್ಲ. ಅದು ಮಳೆಯ ಹಾಗೆ, ಬಂದಾಗ ಬಂದದ್ದು.

ನನ್ನ ತವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ನಮ್ಮಪ್ಪನ ರೇಡಿಯೋ ನಡುಮನೆಯ ಗೂಡಿನಲ್ಲಿ ಚರ್ಮದ ಅಂಗಿ ತೊಟ್ಟು ಕೂತಿರುತ್ತಿತ್ತು. ಮುಟ್ಟುವ ಹಕ್ಕು ಅಪ್ಪನಿಗೆ ಮಾತ್ರ. ನಮ್ಮ ಪಾಲಿಗೆ ಬಂದದ್ದು ಅದರ ಸೆಲ್ಲುಗಳ ಶುಶ್ರೂಷೆ. ದನಿ ಸೊರಗಿದಾಗ ಸೆಲ್ಲುಗಳನ್ನು ತೆಗೆದು ಹೆಂಚಿನ ಮೇಲೆ ಬಿಸಿಲಿಗೆ ಇಡಬೇಕು, ಹಪ್ಪಳ ಕಾಯುವ ಹಾಗೆ ಕೂತು ಕಾಯಬೇಕು. ಕಾಗೆಗಳಿಗೆ ಸೆಲ್ಲಿನ ಮೇಲೆ ಯಾವ ಆಸೆಯೂ ಇಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಕೋಲು ಹಿಡಿದು ಕೂರುತ್ತಿದ್ದೆವು. ಬಿಸಿಲು ಕುಡಿದ ಸೆಲ್ಲು ಎರಡು ದಿನ ಚೆನ್ನಾಗಿ ಹಾಡುತ್ತಿತ್ತು.

ಮುಂದೆ ನಾನು ಬೇಲೂರಿನ ಕಾಲೇಜಿಗೆ ಸೇರಿದೆ. ಎಂಟು ಗಂಟೆಗೆ ರೇಡಿಯೋದಲ್ಲಿ ಹಾಡು ಶುರು, ಎಂಟೂ ಹತ್ತಕ್ಕೆ ಬಸದಿಯ ತಿರುವಿನಲ್ಲಿ ಬಸ್ಸಿನ ಹಾರನ್ನು. ಎರಡು ಹಾಡು ಪೂರಾ ಕೇಳುತ್ತಿದ್ದೆ, ಮೂರನೆಯದಕ್ಕೆ ಜಡೆ ಬಿಗಿಯುತ್ತ, ಡಬ್ಬಿ ಚೀಲಕ್ಕೆ ತುರುಕುತ್ತ ಪಲ್ಲವಿಯಿಂದ ಮೊದಲ ಚರಣದ ತನಕ ಹೋಗಿ, ಅಲ್ಲಿಂದ ಓಟ. ನನ್ನ ಗ್ರಹಚಾರಕ್ಕೆ ಮನಸ್ಸಿಗೆ ಹಿಡಿಸಿದ ಹಾಡುಗಳೆಲ್ಲ ಮೂರನೆಯದೇ ಆಗಿ ಬರುತ್ತಿದ್ದವು. ಇವತ್ತಿಗೂ ನನಗೆ ಎಷ್ಟೋ ಹಾಡುಗಳ ಎರಡನೇ ಚರಣ ಗೊತ್ತಿಲ್ಲ. ಆರತಿಯ ಹೊತ್ತಿಗೆ ಯಾರಾದರೂ ಹಾಡು ಹೇಳು ಎಂದರೆ ಒಂದು ಚರಣ ಹೇಳಿ, ಉಳಿದದ್ದನ್ನು ದೊಡ್ಡ ಮನಸ್ಸಿನಿಂದ ಬೇರೆಯವರಿಗೆ ಬಿಟ್ಟುಕೊಡುತ್ತೇನೆ. ಅದನ್ನು ಅವರು ವಿನಯ ಎಂದುಕೊಂಡಿದ್ದಾರೆ.

ಹಾಗಾಗಿ ಚೈತ್ರಳಿಗೆ ಹೇಳಿದೆ, ಹಳೆಯ ಮೆಲುದನಿಯ ಹಾಡುಗಳು ಹಾಕು, ಪೂರಾ ಬರುವಂಥವು. ಅವಳು ಏನೇನೋ ಒತ್ತಿದಳು. ಪರದೆಯ ಮೇಲೆ 'ಸರೋಜ ಅವರ ರೇಡಿಯೋ' ಎಂದು ಬಂತು. ನನ್ನ ಹೆಸರಿನ ಮುಂದೆ ಅಷ್ಟು ಮರ್ಯಾದೆಯಿಂದ 'ಅವರ' ಎಂದು ಬರೆದದ್ದನ್ನು ನಾನು ಲಗ್ನಪತ್ರಿಕೆಯಾಚೆ ಕಂಡವಳಲ್ಲ.

ಆದರೆ ದನಿ ಸಾಲದು. ಫೋನಿನ ಹಾಡು ಒಗ್ಗರಣೆಯ ಸದ್ದಿಗೇ ಮುಳುಗಿಹೋಗುತ್ತಿತ್ತು. ಚೈತ್ರ ಸುತ್ತಲೂ ನೋಡಿ, ಆ ತಗ್ಗಿನ ತಂಬಿಗೆಯನ್ನು ಒರೆಸಿ ಫೋನನ್ನು ಅದರೊಳಗೆ ಇಳಿಬಿಟ್ಟಳು. ದನಿ ಒಮ್ಮೆಗೇ ತುಂಬಿಕೊಂಡು ಮೇಲೆದ್ದಿತು. ನನಗೆ ತವರಿನ ಹತ್ತಿರದ ಹುಲಿಕೆರೆಯ ಕೊಳ ನೆನಪಾಯಿತು. ಚಿಕ್ಕಂದಿನಲ್ಲಿ ನಾನೂ ತಂಗಿಯೂ ಅಲ್ಲಿಗೆ ಹೋದಾಗ ಮೆಟ್ಟಿಲಿಳಿದು ಕೆಳಗೆ ನಿಂತು ಹಾಡುತ್ತಿದ್ದೆವು. ಸುತ್ತ ಕಲ್ಲು, ಕೆಳಗೆ ನೀರು. ನಮ್ಮ ಬಡಕಲು ದನಿಗೆ ಅಲ್ಲಿ ಮೈ ಬರುತ್ತಿತ್ತು. ಮೇಲೆ ಬಂದರೆ ಮತ್ತೆ ಅದೇ ಬಡಕಲು. ಮನೆಯಲ್ಲಿ ಹಾಗೆ ಹಾಡಿ ತೋರಿಸಲು ಹೋಗಿ ಅಜ್ಜಿಯಿಂದ ಬೈಸಿಕೊಂಡಿದ್ದೆ.

ಈ ರೇಡಿಯೋದಲ್ಲಿ ಹಾಡಿನ ಕೆಳಗೆ ಎರಡು ಹೆಬ್ಬೆರಳು ಇರುತ್ತವೆ. ಮೇಲ್ಮುಖದ್ದನ್ನು ಒತ್ತಿದರೆ ಇಂಥದ್ದು ಇನ್ನಷ್ಟು ಬರಲಿ ಎಂದು, ಕೆಳಮುಖದ್ದನ್ನು ಒತ್ತಿದರೆ ಇದು ಬೇಡ ಎಂದು. ಬೇಡ ಎಂದರೆ ಹಾಡು ಅಲ್ಲಿಗೇ ನಿಂತುಬಿಡುತ್ತದೆ. ಇದು ನನ್ನಿಂದ ಆಗಲಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ಹಾಡಲು ಕೂತರೆ, ಅವರು ಎಷ್ಟೇ ಕೆಟ್ಟದಾಗಿ ಹಾಡಲಿ, ಮಧ್ಯೆ ಎದ್ದು ಹೋಗುವ ಪದ್ಧತಿ ಇಲ್ಲ. ಮುಗಿಸಿದ ಮೇಲೆ 'ಚೆನ್ನಾಗಿತ್ತು ಕಣ್ರೀ' ಎನ್ನಬೇಕು, ಕಾಫಿ ಕೊಡಬೇಕು. ಫೋನಿನಲ್ಲಿ ಹಾಡುವವರಿಗೂ ಒಂದು ಮರ್ಯಾದೆ ಬೇಡವೇ? ಹೀಗೆ ಎಲ್ಲದಕ್ಕೂ ಮೇಲ್ಮುಖದ ಹೆಬ್ಬೆರಳು ಒತ್ತಿ ಒತ್ತಿ, ಹದಿನೈದು ದಿನದಲ್ಲಿ 'ಸರೋಜ ಅವರ ರೇಡಿಯೋ' ಸಂತೆಯಾಯಿತು. ಭಾವಗೀತೆಯ ಹಿಂದೆ ಮದುವೆ ಮೆರವಣಿಗೆಯ ಬ್ಯಾಂಡು, ಅದರ ಹಿಂದೆ ಯಾರೋ ಇಂಗ್ಲಿಷಿನಲ್ಲಿ ಅರಚುವುದು. ಅದಕ್ಕೂ ನಾನು ಚೆನ್ನಾಗಿತ್ತು ಎಂದಿದ್ದೆ.

ಇನ್ನು ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ನಮ್ಮದು ಕೊಬ್ಬರಿ ಮನೆ. ತೋಟದ ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಮ್ಮಿ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಗುಂಡಗೆ ಬಿಡಿಸಿಕೊಳ್ಳುತ್ತದೆ. ಅದೇ ಉಂಡೆ ಕೊಬ್ಬರಿ. ಹದ ಆಗಿದೆಯೋ ಇಲ್ಲವೋ ತಿಳಿಯುವುದು ಹೊರಗಿನಿಂದ ಕಣ್ಣಿಗೆ ಸಾಧ್ಯವಿಲ್ಲ. ಕುಲುಕಿ ಕೇಳಬೇಕು. ಒಣಗಿದ್ದರೆ ಉಂಡೆ ಒಳಗೆ ಚಿಪ್ಪಿಗೆ ಬಡಿದು ಟಕಟಕ ಎನ್ನುತ್ತದೆ, ನೀರಿನ ಪಸೆ ಇದ್ದರೆ ಮೆತ್ತಗೆ. ಹಸಿಯಿರುವುದನ್ನು ದುಡುಕಿ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ವರ್ಷ ಕಾದದ್ದೆಲ್ಲ ದಂಡ.

ಅಟ್ಟ ಇಳಿಸುವ ದಿನಗಳಲ್ಲಿ ಅಂಗಳದಲ್ಲಿ ಮಣೆ ಹಾಕಿಕೊಂಡು, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿ, ಬಲಕ್ಕೆ ಒಡೆಯುವುದಕ್ಕೆ, ಎಡಕ್ಕೆ ಮತ್ತೆ ಅಟ್ಟಕ್ಕೆ ಎಂದು ಬೇರ್ಪಡಿಸುವವರು ನಮ್ಮತ್ತೆ. ಮದುವೆಯಾಗಿ ಬಂದ ವರ್ಷ ಅವರತ್ತೆ ಆ ಮಣೆ ಬಿಟ್ಟುಕೊಟ್ಟರಂತೆ. ಅಂದಿನಿಂದ ಅದರ ಮೇಲೆ ಬೇರೆ ಯಾರೂ ಕೂತಿಲ್ಲ. ಬೇರೆ ಮನೆಯವರೂ ಅನುಮಾನದ ಕಾಯಿ ಹಿಡಿದು ಅವರ ಬಳಿ ಬರುತ್ತಿದ್ದರು, ನಾಡಿ ತೋರಿಸಲು ಬಂದವರ ಹಾಗೆ.

ಹೋದ ವರ್ಷ ಮಾತ್ರ ಚೂರು ಬಹಳ ಬಂತು. ಚಿಪ್ಪು ಒಡೆಯುವ ತಿಮ್ಮಣ್ಣ ಮೂವತ್ತು ವರ್ಷದಿಂದ ನಮ್ಮ ಅಂಗಳಕ್ಕೆ ಬರುವ ಮನುಷ್ಯ. ಚೂರುಗಳನ್ನು ಒಂದು ಮಂಕರಿಗೆ ಹಾಕಿ ನಮ್ಮ ಮನೆಯವರ ಕಣ್ಣಿಗೆ ಬೀಳುವ ಹಾಗೆ ಇಟ್ಟು ಹೋದ. ಮೊದಲ ಸಲವಾಗಿ ಆ ಮಂಕರಿ ತುಂಬಿತ್ತು. ಅತ್ತೆಯೂ ನೋಡಿದರು. ಒಳಗೆ ಹೋದರು.

ಈ ವರ್ಷ ಅಟ್ಟ ಇಳಿಸುವುದಕ್ಕೆ ಎರಡು ತಿಂಗಳಿರುವಾಗ ನಮ್ಮ ಮನೆಯವರು ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಅವ್ವನಿಗೆ ವಯಸ್ಸಾಯಿತು, ಗಮನ ನಿಲ್ಲುತ್ತಿಲ್ಲ, ಈ ಸಲ ಮಣೆಯ ಮೇಲೆ ನೀನು ಕೂತ್ಕೊ. ಅತ್ತೆ ನಾಲ್ಕು ಮಾರಿನಾಚೆ ಅಕ್ಕಿ ಆರಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಅವರಿಗೆ ಇದನ್ನು ಹೇಳುವವರು ಯಾರು ಎಂದು ಕೇಳಿದೆ. "ನೀನೇ ನಿಧಾನಕ್ಕೆ ಹೇಳು, ಹೆಂಗಸರು ಹೆಂಗಸರು ಸರಿಹೋಗುತ್ತೆ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟರು. ಕಷ್ಟದ ಮಾತು ಬಂದಾಗ ನಮ್ಮ ಮನೆಯವರಿಗೆ ತೋಟದಲ್ಲಿ ಕೆಲಸ ನೆನಪಾಗುತ್ತದೆ.

ಹೇಳಬೇಕೆಂದೇ ನಾನು ಮಧ್ಯಾಹ್ನ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರೇಡಿಯೋ ಹಾಕತೊಡಗಿದ್ದು. ಎರಡು ಹಾಡು ಕೇಳಿ ಮನಸ್ಸು ಹಗುರಾದಾಗ ಹೇಳೋಣ ಎಂದು. ದಿನವೂ ಒಂದು ಹಾಡು ಬಂದು ನನ್ನನ್ನು ಉಳಿಸುತ್ತಿತ್ತು. ಈ ಹಾಡು ಮುಗಿಯಲಿ ಎಂದುಕೊಳ್ಳುವೆ, ಮುಗಿಯುವಷ್ಟರಲ್ಲಿ ಹಾಲಿನವನು ಬರುವನು. ಅತ್ತೆ ತಂಬಿಗೆಯನ್ನು ಮಡಿಲಲ್ಲಿಟ್ಟು ಎರಡೂ ಅಂಗೈಯಿಂದ ಅಪ್ಪಿ ಹಿಡಿದು, ಗೋಡೆಗೆ ಒರಗಿ ಕೂರುತ್ತಿದ್ದರು. ತಂಬಿಗೆ ಬೀಳಬಾರದೆಂದು ಹಾಗೆ ಹಿಡಿಯುತ್ತಾರೆ ಎಂದುಕೊಂಡಿದ್ದೆ.

ಮೊದಮೊದಲು ಯಾವ ಹಾಡಿಗೂ ಅವರ ಮುಖದಲ್ಲಿ ಬದಲಾವಣೆ ಇರಲಿಲ್ಲ. ಒಂದು ಮಧ್ಯಾಹ್ನ, ನನ್ನ ಸಂತೆಯಲ್ಲಿ ಎಲ್ಲಿಂದಲೋ ಡೊಳ್ಳು ಬಂತು. ಅತ್ತೆ ನೆಟ್ಟಗೆ ಕೂತರು.

"ಇದು ಚೆನ್ನಾಗೈತೆ ಕಣೆ. ಇಂಥದ್ದು ಹಾಕು."

ಹೆಬ್ಬೆರಳು ಒತ್ತಿ ಅತ್ತೆ ಎಂದು ತೋರಿಸಿದೆ. ಅವರ ಬೆರಳಿಗೆ ಫೋನು ಒಲಿಯಲಿಲ್ಲ. ಕಾಯಿಯ ಸಿಪ್ಪೆ ಹಿಡಿದೂ ಹಿಡಿದೂ ಬೆರಳ ತುದಿಯ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯ ಯಂತ್ರವೂ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಅವರ ಪರವಾಗಿ ನಾನೇ ಒತ್ತಿದೆ. ಮರುದಿನ ಎರಡು ಡೊಳ್ಳು ಬಂದವು, ಆಮೇಲೆ ತಮಟೆ, ಆಮೇಲೆ ವೀರಗಾಸೆ. ಪ್ರತಿಯೊಂದಕ್ಕೂ ಅತ್ತೆ ತಲೆದೂಗುವುದು, ನಾನು ಒತ್ತುವುದು. ಬೆಳಗ್ಗೆ ವಿಭೂತಿ ಇಟ್ಟು ಪೂಜೆಗೆ ಕೂತರೆ ಏಕತಾರಿಯ ವಚನ ಬಿಟ್ಟು ಬೇರೇನನ್ನೂ ಕೇಳದಿದ್ದ ಹೆಂಗಸು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿ, "ಅವ್ವ ಈಗ ಕುಣಿಯಕ್ಕೆ ಹೊರಟಂಗೈತಲ್ಲ" ಎಂದು ನಕ್ಕರು. ಅತ್ತೆ ಅವರತ್ತ ನೋಡಿ 'ಹೂಂ' ಎಂದರು.

ನನಗೆ ನಗು ಬರಲಿಲ್ಲ. ಒಂದು ತಿಂಗಳಾಗುವ ಹೊತ್ತಿಗೆ 'ಸರೋಜ ಅವರ ರೇಡಿಯೋ'ದಲ್ಲಿ ಸರೋಜಳೇ ಇರಲಿಲ್ಲ. ಬೆಳಗ್ಗೆ ದೋಸೆ ಹಿಟ್ಟು ಕಲಸುವಾಗ ಹಾಕಿದರೂ ಡೊಳ್ಳು, ಬಟ್ಟೆ ಮಡಿಸುವಾಗಲೂ ತಮಟೆ. ಎರಡನೇ ಚರಣ ಕೇಳುವ ನನ್ನ ಆಸೆಯ ಮೇಲೆ ಇಡೀ ತಂಡ ಕುಣಿಯುತ್ತಿತ್ತು. ಬದುಕಿನಲ್ಲಿ ಒಂದೇ ಒಂದು ವಸ್ತುವಿಗೆ ನನ್ನ ಹೆಸರಿದೆ, ಅದೂ ನನಗಿಲ್ಲವೇ ಎನಿಸಿತು. ದೊಡ್ಡ ಮಾತು ಎನ್ನುತ್ತೀರಿ. ಹಿಟ್ಟು ಕಲಸುವಾಗ ಸಣ್ಣ ಮಾತೂ ಹಾಗೇ ಉಬ್ಬುತ್ತದೆ.

ಒಂದು ಸೋಮವಾರ, ಅತ್ತೆ ಹಿತ್ತಲಿನಲ್ಲಿದ್ದಾಗ, ನಾನು ಮೊದಲ ಸಲ ಕೆಳಮುಖದ ಹೆಬ್ಬೆರಳು ಒತ್ತಿದೆ. ಡೊಳ್ಳು ಟಪ್ಪನೆ ನಿಂತಿತು. ಯಾರಾದರೂ ನೋಡಿದರೋ ಎಂದು ಹಿತ್ತಲಿನ ಬಾಗಿಲ ಕಡೆ ತಿರುಗಿದೆ. ಮಂಗಳವಾರ ಸಲೀಸಾಯಿತು. ಬುಧವಾರದ ಹೊತ್ತಿಗೆ ಅದರ ರುಚಿಯೇ ಹತ್ತಿತು. ಬೇಡ ಎನ್ನುವುದು ಇಷ್ಟು ಸುಲಭವೆಂದು ಮೊದಲೇ ತಿಳಿದಿದ್ದರೆ ಬದುಕಿನಲ್ಲಿ ಇನ್ನೂ ಎಷ್ಟೋ ಕಡೆ ಹೇಳಬಹುದಿತ್ತು. ರೇಡಿಯೋ ವಿಧೇಯ. ಗುರುವಾರ ಮಧ್ಯಾಹ್ನಕ್ಕೆ ಮತ್ತೆ ಮೆಲುದನಿಯ ಹಾಡುಗಳು ಮರಳಿದವು. ಅವತ್ತು ಬಂದ ಮೊದಲ ಹಾಡೇ ಬಸ್ಸಿನ ಹಾರನ್ನಿಗೆ ನಾನು ಅರ್ಧದಲ್ಲಿ ಬಿಟ್ಟು ಓಡಿದ್ದು. ಎರಡನೇ ಚರಣ ಬರಲಿ ಎಂದು ಉಸಿರು ಹಿಡಿದು ಕೂತಿದ್ದೆ. ಅತ್ತೆ ಎಂದಿನಂತೆ ತಂಬಿಗೆಯನ್ನು ಮಡಿಲಿಗೆ ತೆಗೆದುಕೊಂಡರು. ಒಂದು ಗಳಿಗೆ ಕೂತರು. ತಂಬಿಗೆಯ ಸುತ್ತ ಅಂಗೈ ಆಡಿಸಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

"ಇವತ್ತು ಹಾಡ್ತಾ ಇಲ್ವೇನೆ ಇದು?"

ತಂಬಿಗೆಯಿಂದ ಹಾಡು ಪಡಸಾಲೆಯ ತುಂಬ ಹರಿಯುತ್ತಿತ್ತು. ನಾನು ಹಾಡುತ್ತಿದೆಯಲ್ಲ ಅತ್ತೆ ಎಂದೆ. ಅವರು ನನ್ನ ಬಾಯಿಯನ್ನೇ ನೋಡಿದರು. ಥಟ್ಟನೆ, "ಹೂಂ ಹೂಂ, ಹಾಡ್ತೈತೆ. ಚೆನ್ನಾಗೈತೆ" ಎಂದು ತಲೆದೂಗತೊಡಗಿದರು. ತಾಳ ತಪ್ಪಿ ತೂಗುತ್ತಿದ್ದರು. ಎರಡನೇ ಚರಣ ಬಂದು ಹೋಯಿತು. ನನಗೆ ಒಂದು ಪದವೂ ಕೇಳಲಿಲ್ಲ.

ಕೂತಲ್ಲೇ ಒಂದೊಂದಾಗಿ ನೆನಪಾಯಿತು. ಕುಕ್ಕರಿನ ಸೀಟಿ ಎಣಿಸುತ್ತಿದ್ದವರು ಎಣಿಸುವುದು ಬಿಟ್ಟು ಅನ್ನ ಮುದ್ದೆಯಾಗತೊಡಗಿದ್ದು. ಏನು ಕೇಳಿದರೂ 'ಹೂಂ'. ನಾಲ್ಕು ಸಲ ಕರೆದರೆ ಒಂದು ಸಲ ಓ ಎನ್ನುವುದು ಅತ್ತೆಯ ಗತ್ತು ಎಂದು ನಾನೂ, ಗಮನ ಇಲ್ಲ ಎಂದು ಮಗನೂ ತಿಳಿದಿದ್ದೆವು. ಅತ್ತೆಯಾದವರಿಗೆ ಗತ್ತಿನ ಅನುಕೂಲವಿರುತ್ತದೆ, ಅದರ ಮರೆಯಲ್ಲಿ ಎಷ್ಟೋ ಅಡಗಿಸಬಹುದು. ಅವರಿಗೆ ಏಕತಾರಿ ಕೇಳದೆ ಡೊಳ್ಳು ಮಾತ್ರ ಮುಟ್ಟುತ್ತದೆ ಎಂದು, ಒಂದೇ ಮನೆಯಲ್ಲಿ ಉಂಡು ಮಲಗುವ ನನಗಿಂತ ಮೊದಲು ಆ ರೇಡಿಯೋ ತಿಳಿದುಕೊಂಡಿತ್ತು. ನಾನು ಮೂರು ದಿನ ಕೂತು, ಅವರ ಪಾಲಿಗೆ ಉಳಿದಿದ್ದ ಹಾಡುಗಳನ್ನು ಹುಡುಕಿ ಹುಡುಕಿ ಓಡಿಸಿದ್ದೆ.

ನಾನು ಎದ್ದು ಅವರ ಎದುರಿಗೆ ಕೂತು, ನಿಧಾನವಾಗಿ, ತುಟಿ ಕಾಣುವಂತೆ ಕೇಳಿದೆ, ಎಷ್ಟು ದಿನದಿಂದ ಅತ್ತೆ? ಅವರು ಸೆರಗಿನ ತುದಿ ಸರಿಮಾಡಿಕೊಂಡರು.

"ಹೋದ್ ವರ್ಷದಿಂದ. ನಿನ್ನ ಗಂಡಂಗೆ ಹೇಳ್ಬೇಡ ಕಣವ್ವ. ಅಟ್ಟ ಇಳಿಸೋಗಂಟ ಹೇಳ್ಬೇಡ. ಕಿವಿ ಹೋಯ್ತು ಅಂದ್ರೆ ಮಣೆ ಬಿಡಿಸ್ತಾನೆ."

ಆ ಮಣೆಯನ್ನು ಬಿಡಿಸುವ ಮಾತು ತಿಂಗಳಿಗೂ ಮೇಲಿಂದ ನನ್ನ ಬಾಯಿಯಲ್ಲೇ ಇತ್ತು. ಅವತ್ತೂ ಅದು ಹೊರಗೆ ಬರಲಿಲ್ಲ.

ಸಂಜೆ ಚೈತ್ರಳಿಗೆ ಫೋನು ಮಾಡಿ, ಬೇಡ ಎಂದದ್ದನ್ನು ವಾಪಸು ಪಡೆಯುವುದು ಹೇಗೆ ಎಂದು ಕೇಳಿದೆ. ಅದು ಬಹಳ ನೆನಪಿಟ್ಟುಕೊಳ್ಳುತ್ತೆ ದೊಡ್ಡಮ್ಮ, ಅದಕ್ಕಿಂತ ಹೊಸದಾಗಿ ಒಂದು ರೇಡಿಯೋ ಮಾಡಿ ಎಂದಳು. ಅವಳು ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ಹೆಸರು ಕೇಳಿತು, ಗಿರಿಜಮ್ಮ. ವಯಸ್ಸು ಕೇಳಿತು, ಎಪ್ಪತ್ತಾರು. ಇಷ್ಟವಾದ ಮೂರು ಕೇಳಿತು. ಡೊಳ್ಳು, ತಮಟೆ, ವೀರಗಾಸೆ ಎಂದು ಒತ್ತಿದೆ. ಎಪ್ಪತ್ತಾರಕ್ಕೆ ಅದೇನೂ ಹುಬ್ಬೇರಿಸಲಿಲ್ಲ, ಸುಮ್ಮನೆ ಬಾರಿಸಲು ತೊಡಗಿತು. ಖಾನೆಯಲ್ಲಿ 'ಅತ್ತೆಗೆ ಬೇರೆ ರೇಡಿಯೋ' ಎಂದಷ್ಟೇ ಬರೆದೆ. ಮಿಕ್ಕಿದ್ದನ್ನು ಬರೆದರೆ ನಮ್ಮ ಮನೆಯವರು ಸಿಲಿಂಡರಿನ ತಾರೀಖು ಹುಡುಕುವಾಗ ಓದಿಬಿಡುತ್ತಾರೆ.

ಅಟ್ಟ ಇಳಿಸುವ ದಿನ ಬಂದೇಬಿಟ್ಟಿತು. ಏಣಿ ಹಾಕಿದರು, ಕಾಯಿ ಅಂಗಳಕ್ಕೆ ಉರುಳಿತು, ಸುಲಿಯುವವರು ಕಬ್ಬಿಣದ ಸಲಾಕೆ ನೆಟ್ಟು ಸಿಪ್ಪೆ ಬಿಡಿಸತೊಡಗಿದರು. ಅತ್ತೆ ಸ್ನಾನ ಪೂಜೆ ಮುಗಿಸಿ ಬರುವ ಮೊದಲೇ ನಮ್ಮ ಮನೆಯವರು ಮಣೆ ತಂದು ನನ್ನ ಮುಂದೆ ಹಾಕಿದರು. ನಾನು ಕೂತೆ. ಮಣೆಯ ನಡುವೆ ಸವೆದ ಗುಳಿ ಇತ್ತು, ಅದು ನನ್ನ ಅಳತೆಯದಲ್ಲ. ಕಾಯಿ ಎತ್ತಿ ಕಿವಿಗೆ ಹಿಡಿದು ಕುಲುಕಿದೆ. ನನಗೆ ಎಲ್ಲವೂ ಒಣಗಿದ ಹಾಗೆಯೇ ಕೇಳಿಸಿತು. ಕಾಯಿಗೂ ಇಲ್ಲ ಎನ್ನಲು ನನಗೆ ಸಂಕೋಚವಿರಬೇಕು. ಬಲಕ್ಕೆ ಇಟ್ಟ ಮೊದಲ ಐದರಲ್ಲಿ ಮೂರು ಚೂರಾದವು.

ತಿಮ್ಮಣ್ಣ ಮಚ್ಚು ಕೆಳಗಿಟ್ಟು ಬೀಡಿ ಹುಡುಕಿದ. "ಅಕ್ಕಾರೆ, ನೀವು ಕಾಯಿ ಕುಲುಕ್ತಿದ್ದೀರೋ, ಮಗೀನ ತೂಗ್ತಿದ್ದೀರೋ?"

ಸುಲಿಯುವವರು ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಅತ್ತೆ ಬಂದರು, ಹಣೆಯ ವಿಭೂತಿ ಇನ್ನೂ ಹಸಿ, ಕಂಕುಳಲ್ಲಿ ತಂಬಿಗೆ. ಮಣೆಯ ಮೇಲೆ ಕೂತ ನನ್ನನ್ನು ನೋಡಿದರು. ಮಗನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು. ನಾನು ಎದ್ದುಬಿಟ್ಟೆ. ನಮ್ಮ ಮನೆಯವರು ನನ್ನ ಕಡೆ ಕಣ್ಣು ಬಿಟ್ಟರು. ಅವರ ತಾಯಿ ಅಷ್ಟರಲ್ಲಿ ತಮ್ಮ ಗುಳಿಯಲ್ಲಿ ತಾವು ಕೂತಾಗಿತ್ತು.

ಆಮೇಲೆ ನಡೆದದ್ದನ್ನು ನಾನು ಇಪ್ಪತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ. ಅತ್ತೆ ಕಾಯನ್ನು ಕಿವಿಯ ಹತ್ತಿರಕ್ಕೆ ಒಯ್ಯಲಿಲ್ಲ. ಮಡಿಲ ಮೇಲೆ, ಎಡ ಅಂಗೈಯಲ್ಲಿ ಕಾಯಿ ಕೂರಿಸಿ, ಮೇಲಿನಿಂದ ಬಲಗೈ ಮುಚ್ಚಿ, ಒಂದೇ ಒಂದು ಸಲ ಕುಲುಕಿದರು. ಮುಖ ಬೀದಿಯ ಕಡೆ, ಬಸ್ಸಿಗೆ ಕಾಯುವವರ ಹಾಗೆ. ಬಲಕ್ಕೆ. ಇನ್ನೊಂದು, ಬಲಕ್ಕೆ. ಮೂರನೆಯದು ಎಡಕ್ಕೆ. ತಿಮ್ಮಣ್ಣ ಬಲಗಡೆಯದು ಒಡೆದ, ಉಂಡೆ ಗುಂಡಗೆ ಅವನ ಅಂಗೈಗೆ ಬಂತು. ಇನ್ನೊಂದು ಒಡೆದ, ಅದೂ ಹಾಗೇ. ಹತ್ತಾಯಿತು, ಇಪ್ಪತ್ತಾಯಿತು, ಚೂರಿನ ಮಂಕರಿಯಲ್ಲಿ ನನ್ನ ಮೂರೇ ಇದ್ದವು. ನಮ್ಮ ಮನೆಯವರಿಗೆ ನಂಬಿಕೆ ಬರಲಿಲ್ಲ. ಎಡಗಡೆಯ ರಾಶಿಯಿಂದ ಒಂದನ್ನು ತಾವೇ ಆರಿಸಿ ತಿಮ್ಮಣ್ಣನಿಗೆ ಕೊಟ್ಟರು. ಮಚ್ಚು ತಗುಲಿದ ಕೂಡಲೇ ನೀರು ಜಿನುಗಿ ಅವನ ಮಣಿಕಟ್ಟಿಗೆ ಇಳಿಯಿತು, ತಿರುಳು ಚಿಪ್ಪಿಗೆ ಕಚ್ಚಿಕೊಂಡು ಎರಡು ಹೋಳಾಯಿತು.

"ಹಾಳು ಮಾಡಿದ್ರಲ್ಲ ಒಂದ" ಎಂದ ತಿಮ್ಮಣ್ಣ. ಅವನು ಬೈದದ್ದು ನಮ್ಮ ಮನೆಯವರನ್ನು.

ನಮ್ಮ ಮನೆಯವರು ಸ್ವಲ್ಪ ಹೊತ್ತು ತಾಯಿಯ ಕೈಗಳನ್ನೇ ನೋಡುತ್ತ ನಿಂತರು. ಹಿಂದಿನಿಂದ "ಅವ್ವ" ಎಂದರು. ಅತ್ತೆ ತಿರುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕರೆದರು. ತಿರುಗಲಿಲ್ಲ. ಆಗ ಅವರು ನನ್ನತ್ತ ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದೆ. ಅವರು ಟವೆಲು ಹೆಗಲಿಗೆ ಹಾಕಿಕೊಂಡರು. ತೋಟಕ್ಕೆ ಹೊರಟರು ಎಂದುಕೊಂಡೆ. ಹೋಗಲಿಲ್ಲ. ಸುತ್ತಿ ಬಂದು ತಾಯಿಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು ಹೇಳಿದರು.

"ಅವ್ವ, ಕಾಫಿ ಕುಡ್ಕೊಂಡು ಕೂತ್ಕೊಳವ್ವ. ಇನ್ನೂ ಅರ್ಧ ಅಟ್ಟ ಐತೆ."

ಹಾಸನದ ಡಾಕ್ಟರಿಗೆ ತೋರಿಸಿದ್ದು, ಕಿವಿಗೆ ಮಿಷನ್ನು ತಂದದ್ದು ಎಲ್ಲ ಆಮೇಲಿನ ಖಾನೆಗಳಲ್ಲಿವೆ. ಅದರಲ್ಲಿ ಮನುಷ್ಯರ ಮಾತಿಗಿಂತ ಪಾತ್ರೆಯ ಸದ್ದೇ ಜಾಸ್ತಿ ಬರುತ್ತದೆ ಎಂದು ಅತ್ತೆ ಅದನ್ನು ನೆಂಟರು ಬಂದಾಗ ಮಾತ್ರ ಹಾಕಿಕೊಳ್ಳುತ್ತಾರೆ, ಒಡವೆಯ ಹಾಗೆ. ಆದರೆ ಆ ದಿನದ ಮಾತು ಇನ್ನೊಂದು ಉಳಿದಿದೆ.

ಕಾಫಿ ಕುಡಿದ ಮೇಲೆ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಎಲ್ಲಿ ಕಲಿತಿರಿ ಎಂದು ನಾನು ಸನ್ನೆಯಲ್ಲಿ ಕೇಳಿದ್ದಕ್ಕೆ ತಂಬಿಗೆಯನ್ನು ಮೊಣಕೈಯಲ್ಲಿ ತಿವಿದು ತೋರಿಸಿದರು.

"ಇದ್ರಾಗೆ ಡೊಳ್ಳು ಬಡಿದಾಗ ಅಂಗೈಗೆ ಬತ್ತಿತ್ತು. ಹಂಗಾರೆ ಕಾಯೂ ಬರಬೇಕಲ್ಲ ಅಂತ ಅಟ್ಟದಿಂದ ಒಂದ ತರ್ಸಿ ಕುಲುಕ್ದೆ. ಬಂತು. ದಿನಾ ನೀನು ಬಟ್ಟೆ ಒಗೆಯೋ ಹೊತ್ನಾಗೆ ಕುಲುಕಿ ನೋಡ್ತಿದ್ದೆ."

ನನ್ನ ಅಂಗೈಯಲ್ಲಿ ಒಂದು ಕಾಯಿ ಇಟ್ಟರು. ನಾನು ಅಭ್ಯಾಸಬಲದಿಂದ ಕಿವಿಗೆ ಒಯ್ದೆ. ಅವರು ನನ್ನ ಕೈಗೊಂದು ಏಟು ಕೊಟ್ಟು ಮಡಿಲಿಗೆ ಇಳಿಸಿದರು. ಕುಲುಕಿದೆ. ಏನೂ ತಿಳಿಯಲಿಲ್ಲ, 'ಟಕ' ಎಂದು ಕೇಳಿದ್ದಷ್ಟೇ.

"ಕಿವಿ ಅಡ್ಡ ಬತ್ತೈತೆ ನಿಂಗೆ" ಎಂದರು.

ಎರಡೂ ಕೈಯಿಂದ ಕಾಯಿ ಹಿಡಿದುಕೊಂಡು ಕಿವಿ ಮುಚ್ಚಿಕೊಳ್ಳುವುದು ಹೇಗೆ ಎಂದು ನಾನು ಯೋಚಿಸುವಷ್ಟರಲ್ಲಿ ಅತ್ತೆ ನನ್ನ ಹಿಂದಕ್ಕೆ ಸರಿದು, ತಮ್ಮ ಎರಡೂ ಅಂಗೈಗಳಿಂದ ನನ್ನ ಎರಡೂ ಕಿವಿ ಮುಚ್ಚಿದರು. ಗೆರೆ ಸವೆದ, ತೆಂಗಿನ ನಾರಿನ ವಾಸನೆಯ ಕೈಗಳು. ತಿಮ್ಮಣ್ಣನ ಮಚ್ಚು, ಸುಲಿಯುವವರ ಹರಟೆ, ಬೀದಿಯ ಸ್ಕೂಟರು ಎಲ್ಲ ದೂರ ಸರಿದವು. ನಾನು ಕಾಯಿಯನ್ನು ಒಂದೇ ಸಲ ಕುಲುಕಿದೆ. ಅಂಗೈಯೊಳಗೆ, ಬಾಗಿಲ ಆಚೆಯಿಂದ ಯಾರೋ ಒಂದು ಬೆರಳಲ್ಲಿ ತಟ್ಟಿದ ಹಾಗೆ, ಸಣ್ಣಗೆ ಬಂತು.

ಅತ್ತೆಯ ಕೈ ಇನ್ನೂ ನನ್ನ ಕಿವಿಯ ಮೇಲೇ ಇತ್ತು. ನನ್ನ ಮೊಣಕಾಲಿಗೆ ತಗುಲಿದ ತಂಬಿಗೆಯಲ್ಲಿ ಡೊಳ್ಳು ಬಡಿಯುತ್ತಿತ್ತು. ನಾನು ಕಾಯನ್ನು ಬಲಕ್ಕೆ ಇಟ್ಟೆ.